ಆಸನ್ನಗಣಿತವೂ ಅಂಕಚಿತ್ರವೂ

ಕನ್ನಡ ಪಂಡಿತನೊಬ್ಬನು ಗಣಿತವನ್ನು ಕುರಿತು ಬರೆಯಹೊರಡುವುದು ಅಧಿಕಾರ ಮೀರಿದ ಕೆಲಸವೆಂದು ವಾಚಕ ಮಹಾಶಯರಿಗೆ ತೋರಬಹುದು. ಆದುದರಿಂದ ಇದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಷಟ್ಪದಿಯಲ್ಲಿರುವ ಒಂದು ಓಲೆಗರಿಯ ಕೃತಿಯ ಪಾಠವನ್ನು ಸಿದ್ಧಪಡಿಸುತ್ತಿದ್ದೆ. ಮೂಲ ಓಲೆಯನ್ನು ನೋಡುವ ಅನುಕೂಲವಿರಲಿಲ್ಲ. ಪರಿಚಿತರೊಬ್ಬರು ಮೊಬೈಲಿನಲ್ಲಿ ಕಳುಹಿಸಿದ ಛಾಯಾಚಿತ್ರಗಳೇ ಆಧಾರ. ಒಂದು ಪದ್ಯದಲ್ಲಿ ‘ಮದಗಮನ’ ಎಂಬ ಪಾಠವಿತ್ತು. ಛಂದಸ್ಸಿಗೆ ಒಂದು ಮಾತ್ರೆಯ ಕೊರತೆ. ಲಿಪಿಕಾರನ ಅನವಧಾನವೆಂದು ಅಡಿಟಿಪ್ಪಣಿ ಬರೆದು ಮುಂದೆ ಸಾಗಿದೆ. ನಾಲ್ಕು ತಿಂಗಳ ತರುವಾಯ ಮೂಲ ಓಲೆಯೇ ಕೈಗೆ ಬಂದಾಗ, ಭೂತಗನ್ನಡಿಯ ಕೆಳಗೆ ‘ಮಂದಗಮನ’ ಎಂದು ನಿಸ್ಸಂಶಯವಾಗಿ ಕಂಡಿತು. ಮಕಾರದ ಮುಂದಿನ ಸಣ್ಣ ಸೊನ್ನೆಯಲ್ಲಿ ಮಸಿ ಹಾರಿಹೋಗಿ ಬರಿಯ ಗೀರು ಉಳಿದಿತ್ತು. ಲಿಪಿಕಾರನು ನಿರಪರಾಧಿ. ಅವನ ಬಿಂದುವನ್ನು ಅಳಿಸಿದ್ದು ನಮ್ಮ ಕಾಲದ ಗಣಿತ. ಅದು ಹೇಗೆ ಅಳಿಸಿತೆಂಬ ಕುತೂಹಲದಿಂದ ಗಣಿತಾಧ್ಯಾಪಕ ಮಿತ್ರರನ್ನು ಕಾಡಿ ತಿಳಿದುಕೊಂಡುದನ್ನು, ನನಗೆ ಪರಿಚಿತವಾದ ಸಂಸ್ಕೃತ ಗಣಿತಗ್ರಂಥಗಳ ಮಾರ್ಗದಿಂದಲೇ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಕ್ರಿ.ಶ. ೪೯೯ರ ಕಾಲದ ‘ಆರ್ಯಭಟೀಯ’ದಲ್ಲಿ, ೨೦೦೦೦ ವ್ಯಾಸವುಳ್ಳ ವೃತ್ತದ ಪರಿಧಿ ೬೨೮೩೨ ಎಂದು ಹೇಳಿದೆ. ಭಾಗಿಸಿದರೆ ೩.೧೪೧೬ ಬರುತ್ತದೆ. ಈ ಬೆಲೆಗಿಂತಲೂ ಆರ್ಯಭಟನು ಅದಕ್ಕೆ ಕೊಟ್ಟ ವಿಶೇಷಣ ಹೆಚ್ಚು ಗಮನಾರ್ಹವಾದುದು. ಅವನು ಅದನ್ನು ‘ಆಸನ್ನ’ ಎಂದ. ಎಂದರೆ ಸಮೀಪದಲ್ಲಿರುವುದು, ನಿಜಬೆಲೆಯ ಮಗ್ಗುಲಲ್ಲಿ ಕುಳಿತಿರುವುದು. ಸುಮಾರು ಸಾವಿರ ವರ್ಷಗಳ ಬಳಿಕ ಕೇರಳದ ನೀಲಕಂಠ ಸೋಮಯಾಜಿಯು ತನ್ನ ಭಾಷ್ಯದಲ್ಲಿ, ನಿಜಬೆಲೆಯನ್ನೇ ಹೇಳದೆ ಆಸನ್ನವನ್ನೇಕೆ ಹೇಳಿದನೆಂದು ಪ್ರಶ್ನೆಯೆತ್ತಿ, ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುತ್ತದೆ, ಮಾನವನ್ನು ಎಷ್ಟು ಕಿರಿದುಗೊಳಿಸಿದರೂ ಶೇಷವು ಅಲ್ಪವಾಗುವುದಲ್ಲದೆ ಇಲ್ಲವಾಗದು ಎಂದು ಸಮಾಧಾನ ಹೇಳಿದ್ದಾನೆ. ಯೂರೋಪಿನಲ್ಲಿ ಲ್ಯಾಂಬರ್ಟನು ಇದಕ್ಕೆ ಸಾಧನೆ ಕೊಟ್ಟದ್ದು ೧೭೬೦ರ ದಶಕದಲ್ಲಿ.

ನಮ್ಮ ನಾಡಿನಲ್ಲಿಯೇ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಕ್ಷೇತ್ರಗಣಿತವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡಾಗಿ ವಿಂಗಡಿಸಿದನು. ವೃತ್ತಕ್ಕೆ ವ್ಯಾವಹಾರಿಕದಲ್ಲಿ ೩, ಸೂಕ್ಷ್ಮದಲ್ಲಿ ೧೦ರ ವರ್ಗಮೂಲ. ಎರಡನೆಯದು ೩.೧೬೨೩ ಆಗುವುದರಿಂದ, ಮಹಾವೀರನ ಸೂಕ್ಷ್ಮವು ಆರ್ಯಭಟನ ಆಸನ್ನಕ್ಕಿಂತ ದೂರದಲ್ಲಿದೆಯೆಂಬುದನ್ನು ಅಭಿಮಾನಕ್ಕಾಗಿ ಮುಚ್ಚಿಡಬೇಕಾಗಿಲ್ಲ. ಆದರೆ ಪ್ರಯೋಜನಕ್ಕೆ ತಕ್ಕಂತೆ ನಿಖರತೆಯಿರಬೇಕು, ಹೊಲ ಅಳೆಯುವವನಿಗೆ ಸಾಕಾದುದು ಮತ್ತೊಬ್ಬನಿಗೆ ಸಾಲದಿರಬಹುದು ಎಂಬ ವಿವೇಕವು ಆ ವಿಭಾಗದಲ್ಲಿಯೇ ಇದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಒಂದು ಬೆಲೆಯನ್ನು ಸಮೀಪಿಸುವುದು ಹೀಗಾದರೆ, ತಿಳಿದ ಎರಡು ಬೆಲೆಗಳ ನಡುವೆ ಇರುವ ತಿಳಿಯದ ಬೆಲೆಯನ್ನು ಕಾಣುವುದು ಆಸನ್ನಗಣಿತದ ಇನ್ನೊಂದು ಮುಖ. ನಮ್ಮ ಜ್ಯೋತಿಷಿಗಳು ಜ್ಯಾಕೋಷ್ಟಕದ ನಡುಬೆಲೆಗಳಿಗೆ ತ್ರೈರಾಶಿಕವನ್ನು ಬಳಸುತ್ತಿದ್ದರು. ಬ್ರಹ್ಮಗುಪ್ತನು ಕ್ರಿ.ಶ. ೬೬೫ರ ‘ಖಂಡಖಾದ್ಯಕ’ದಲ್ಲಿ ಇದನ್ನು ತಿದ್ದಿದನು. ಅವನ ಕೋಷ್ಟಕದಲ್ಲಿ ತ್ರಿಜ್ಯ ೧೫೦; ಹದಿನೈದು ಹದಿನೈದು ಅಂಶಗಳಿಗೆ ಜ್ಯಾಗಳು ೩೯, ೭೫, ೧೦೬, ೧೩೦, ೧೪೫, ೧೫೦. ಈಗ ೩೭೧/೨ ಅಂಶಕ್ಕೆ ಜ್ಯಾ ಬೇಕೆನ್ನೋಣ. ಅದು ೩೦ಕ್ಕೂ ೪೫ಕ್ಕೂ ನಟ್ಟನಡುವೆ ಇದೆ. ೭೫ರಿಂದ ೧೦೬ಕ್ಕೆ ಏರಿಕೆ ೩೧. ಅದರ ಅರ್ಧವನ್ನು ಕೂಡಿಸಿದರೆ ತ್ರೈರಾಶಿಕದಿಂದ ೯೦.೫. ನಿಜಬೆಲೆಯಾದರೋ ೯೧.೩೧. ಬ್ರಹ್ಮಗುಪ್ತನು ಮುಂದಿನ ಏರಿಕೆಯೊಂದನ್ನೇ ನಂಬದೆ, ಹಿಂದೆ ಕಳೆದ ೩೬ರ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಎರಡರ ಮೊತ್ತದ ಅರ್ಧ ೩೩.೫, ಅವುಗಳ ಅಂತರದ ಅರ್ಧ ೨.೫, ನಾವು ನಡುವಿನಲ್ಲಿ ಇರುವುದರಿಂದ ಅದರ ಅರ್ಧ ೧.೨೫, ಕಳೆದರೆ ತಿದ್ದಿದ ಏರಿಕೆ ೩೨.೨೫. ಇದರ ಅರ್ಧವನ್ನು ೭೫ಕ್ಕೆ ಕೂಡಿಸಿದರೆ ೯೧.೧೨೫. ದೋಷವು ೦.೮ರಿಂದ ೦.೨ಕ್ಕೂ ಕೆಳಗಿಳಿಯಿತು. ರೇಖೆ ಬಾಗುತ್ತಿದೆಯೆಂಬುದನ್ನು ಅದರ ಹಿಂದಿನ ನಡಿಗೆಯಿಂದಲೇ ಅವನು ಊಹಿಸಿದನು.

ಇನ್ನು ಪ್ರಕೃತಕ್ಕೆ ಬರೋಣ. ಡಿಜಿಟಲ್ ಚಿತ್ರವೆಂಬುದು ಅಂಕಿಗಳ ಒಂದು ಕೋಷ್ಟಕವಲ್ಲದೆ ಬೇರೇನೂ ಅಲ್ಲ. ಅದಕ್ಕಾಗಿಯೇ ಅದನ್ನು ಅಂಕಚಿತ್ರವೆಂದು ಕರೆದಿದ್ದೇನೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಒಂದೊಂದು ಚೌಕದ ಬೆಳಕನ್ನು ೦ಯಿಂದ ೨೫೫ರವರೆಗಿನ ಒಂದು ಅಂಕಿಯಿಂದ ಗುರುತಿಸುವುದು ರೂಢಿಯ ಕ್ರಮ. ಆ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ೧೯೫೭ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಎಂಬುವರು ತಮ್ಮ ಹಸುಗೂಸಿನ ಛಾಯಾಚಿತ್ರವನ್ನು ಹೀಗೆ ಅಂಕಿಗಳಾಗಿಸಿ ಕಂಪ್ಯೂಟರಿಗೆ ಒಪ್ಪಿಸಿದಾಗ ಅದರಲ್ಲಿದ್ದುದು ಅಡ್ಡಕ್ಕೆ ೧೭೬, ಉದ್ದಕ್ಕೆ ೧೭೬ ಪಿಕ್ಸೆಲ್‌ಗಳು ಮಾತ್ರ.

ಇಂತಹ ಚಿತ್ರವನ್ನು ಹಿಗ್ಗಿಸಿದಾಗ ಇರುವ ಪಿಕ್ಸೆಲ್‌ಗಳ ನಡುವೆ ಹೊಸ ಪಿಕ್ಸೆಲ್‌ಗಳನ್ನು ತುಂಬಬೇಕಾಗುತ್ತದೆ. ಸುತ್ತಲಿನ ನಾಲ್ಕು ಬೆಲೆಗಳಿಂದ ತ್ರೈರಾಶಿಕ ಮಾಡಿ ತುಂಬುವುದು ಒಂದು ಕ್ರಮ. ಹದಿನಾರು ಬೆಲೆಗಳನ್ನು ಹಿಡಿದು, ಬೆಳಕಿನ ಏರಿಳಿತದ ಬಾಗನ್ನೂ ಗಣಿಸುವುದು ಇನ್ನೊಂದು. ಇದರ ಪ್ರಸಿದ್ಧ ರೂಪವನ್ನು ರಾಬರ್ಟ್ ಕೀಸ್ ಎಂಬುವರು ೧೯೮೧ರಲ್ಲಿ ಪ್ರಕಟಿಸಿದರು. ತ್ರೈರಾಶಿಕಕ್ಕೂ ಬ್ರಹ್ಮಗುಪ್ತನ ಸೂತ್ರಕ್ಕೂ ಇರುವ ಸಂಬಂಧವೇ ಇವೆರಡರ ನಡುವೆಯೂ ಇದೆ. ಇಲ್ಲಿ ಒಂದು ಮಾತು: ಹಿಗ್ಗಿಸಿದ ಚಿತ್ರ ನುಣುಪಾಗಿ ಕಾಣುವುದೇ ಹೊರತು ಮೊದಲು ಇಲ್ಲದ ಅಕ್ಷರವೇನೂ ಅದರಲ್ಲಿ ಹುಟ್ಟುವುದಿಲ್ಲ. ನಡುಬೆಲೆಗಳೆಲ್ಲ ಊಹೆಗಳೇ. ನಾನು ಆ ‘ಮದಗಮನ’ವನ್ನು ಪರದೆಯ ಮೇಲೆ ಎಷ್ಟು ಬಾರಿ ಹಿಗ್ಗಿಸಿ ನೋಡಿದೆನೋ ಲೆಕ್ಕವಿಲ್ಲ!

ಅಕ್ಷರವು ಕಳೆದುಹೋದುದು ಹಿಗ್ಗಿಸುವಲ್ಲಿ ಅಲ್ಲ, ಅದಕ್ಕೂ ಹಿಂದೆ, ಚಿತ್ರವನ್ನು ಅಡಕಗೊಳಿಸುವಲ್ಲಿ. ಅಡಕಗೊಳಿಸುವ ತತ್ತ್ವವನ್ನು ಒಂದು ಸ್ಥೂಲ ದೃಷ್ಟಾಂತದಿಂದ ತಿಳಿಯಬಹುದು. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಬೆಲೆ ೮೪ ಮತ್ತು ೮೬ ಎಂದಿರಲಿ. ಇವುಗಳ ಬದಲು ಸರಾಸರಿ ೮೫, ಅರ್ಧಾಂತರ ೧ ಎಂದು ಬರೆದಿಟ್ಟರೂ ಮೂಲವನ್ನು ಪಡೆಯಬಹುದು. ಆದರೆ ಈ ಎರಡನೆಯ ಅಂಕಿ ಅತ್ಯಲ್ಪ. ಅದನ್ನು ಸೊನ್ನೆಯೆಂದೇ ಎಣಿಸಿ ಎರಡು ಕಡೆಯೂ ೮೫ನ್ನು ಇಟ್ಟರೆ ಯಾವ ಕಣ್ಣೂ ವ್ಯತ್ಯಾಸವನ್ನು ಗುರುತಿಸದು. ಉಳಿತಾಯ ಮಾತ್ರ ಅರ್ಧದಷ್ಟು. ನೆರೆಹೊರೆಯ ಪಿಕ್ಸೆಲ್‌ಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುವುದರಿಂದ ಈ ಉಪಾಯ ಸಫಲವಾಗುತ್ತದೆ.

ಎರಡು ಪಿಕ್ಸೆಲ್‌ಗಳ ಬದಲು ಬಹು ಪಿಕ್ಸೆಲ್‌ಗಳಿಗೆ ಇದನ್ನು ವಿಸ್ತರಿಸುವ ಅತ್ಯುತ್ತಮ ವಿಧಾನ ಯಾವುದು? ಕರ್ಹುನೆನ್ ಮತ್ತು ಲೊಯೇವ್ ಎಂಬ ಗಣಿತಜ್ಞರ ಹೆಸರಿನ ಪರಿವರ್ತನೆಯು ದೋಷವರ್ಗಗಳ ಸರಾಸರಿಯನ್ನು ಕನಿಷ್ಠಗೊಳಿಸುವುದರಲ್ಲಿ ಶ್ರೇಷ್ಠವೆಂದು ತಿಳಿದಿತ್ತು. ಆದರೆ ಅದನ್ನು ಬೇಗನೆ ಗಣಿಸುವ ದಾರಿಯಿರಲಿಲ್ಲ. ಈ ತೊಡಕನ್ನು ಬಿಡಿಸಿದವರು ಬೆಂಗಳೂರಿನಲ್ಲಿ ೧೯೪೦ರಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ವಿಶ್ವವಿದ್ಯಾಲಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್ ಅವರು. ಸಿಗದ ಶ್ರೇಷ್ಠಕ್ಕೆ ಆಸನ್ನವಾದ, ಆದರೆ ಸುಲಭಗಣ್ಯವಾದ ಪರಿವರ್ತನೆಯೊಂದನ್ನು ಅವರು ಅರಸಿದರು. ಇದಕ್ಕೆ ಅವರಿಗೆ ಹೊಳೆದ ದಾರಿ ರಷ್ಯದ ಚೆಬಿಷೆವ್‌ನದು. ಉಗಿಯಂತ್ರದ ಸನ್ನೆಕೋಲುಗಳ ಚಲನೆಯನ್ನು ಪರಿಶೀಲಿಸುತ್ತ ಚೆಬಿಷೆವ್‌ನು ೧೮೫೪ರಲ್ಲಿ, ಆಸನ್ನಬೆಲೆಯಲ್ಲಿ ಉಂಟಾಗುವ ಅತ್ಯಧಿಕ ದೋಷವನ್ನು ಅತ್ಯಲ್ಪಗೊಳಿಸುವುದು ಹೇಗೆಂಬ ಪ್ರಶ್ನೆಯನ್ನು ಎತ್ತಿದ್ದನು. ಅವನ ಬಹುಪದೋಕ್ತಿಗಳಿಗೂ ಕೋಟಿಜ್ಯಾಕ್ಕೂ, ಎಂದರೆ ಇಂದಿನವರ ಕೊಸೈನಿಗೂ, ನಿಕಟಸಂಬಂಧವಿದೆ.

ಅಹ್ಮದ್ ಅವರು ೧೯೭೨ರಲ್ಲಿ ಈ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೋರಿದಾಗ ಅದು ದೊರೆಯಲಿಲ್ಲ. ಪರಿಶೀಲಕರೊಬ್ಬರಿಗೆ ಈ ವಿಚಾರ ಅತಿ ಸರಳವೆಂದು ತೋರಿತ್ತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆದರೂ ಕೆಲಸ ನಿಲ್ಲಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ ೧೯೭೪ರ ಜನವರಿಯಲ್ಲಿ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ವಿಧಾನವೇ ೧೯೯೨ರ ಜೆಪೆಗ್ ಪದ್ಧತಿಗೆ ತಳಹದಿ. ಸರಳವೆಂದು ತಳ್ಳಿಹಾಕಿದ ವಿಚಾರದಿಂದಲೇ ಇಂದು ನಮ್ಮ ಮೊಬೈಲುಗಳ ಛಾಯಾಚಿತ್ರಗಳು ಅಡಕಗೊಳ್ಳುತ್ತಿವೆ.

ಜೆಪೆಗ್ ಕ್ರಮದಲ್ಲಿ ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಮನೆಗಳಾಗಿ ಭಾಗಿಸುತ್ತಾರೆ. ಒಂದು ಮನೆಯ ೬೪ ಬೆಲೆಗಳಿಗೆ ಬದಲಾಗಿ ೬೪ ಗುಣಾಂಕಗಳು ದೊರೆಯುತ್ತವೆ. ಮೊದಲನೆಯದು ಇಡೀ ಮನೆಯ ಸರಾಸರಿ ಬೆಳಕನ್ನು ತಿಳಿಸುತ್ತದೆ. ಮುಂದಿನವು ನಿಧಾನವಾದ ಏರಿಳಿತಗಳನ್ನು, ಕಡೆಯವು ಅತಿ ಸೂಕ್ಷ್ಮವಾದ ಗೆರೆಗಳನ್ನು. ಇಷ್ಟರವರೆಗೆ ಏನೂ ಕಳೆದಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ: ಒಂದೊಂದು ಗುಣಾಂಕವನ್ನೂ ಗೊತ್ತಾದ ಭಾಜಕದಿಂದ ಭಾಗಿಸಿ, ಭಿನ್ನವನ್ನು ಬಿಟ್ಟು ಹತ್ತಿರದ ಪೂರ್ಣಾಂಕವನ್ನು ಹಿಡಿಯುತ್ತಾರೆ. ಮಾದರಿಯಾಗಿ ಕೊಟ್ಟಿರುವ ಕೋಷ್ಟಕದಲ್ಲಿ ಮೊದಲನೆಯ ಭಾಜಕ ೧೬, ಕಟ್ಟಕಡೆಯದು ೯೯. ಮೊದಲ ಗುಣಾಂಕ ೨೩೬ ಇದ್ದರೆ ೧೫ ಆಗುತ್ತದೆ. ಮರಳಿ ಗುಣಿಸಿದಾಗ ೨೪೦, ನಷ್ಟ ಅಲ್ಪ. ಕಡೆಯ ಗುಣಾಂಕ ೨೩ ಇದ್ದರೆ ಪಾಲು ಬರುವುದು ಕಾಲಿಗಿಂತ ಕಡಿಮೆ. ಅದು ಸೊನ್ನೆಯಾಗುತ್ತದೆ, ಮರಳಿ ಗುಣಿಸಿದರೂ ಸೊನ್ನೆಯೇ. ಸೂಕ್ಷ್ಮ ಗೆರೆಗಳ ಬಗೆಗೆ ಮನುಷ್ಯನ ಕಣ್ಣು ಮಂದವೆಂಬ ಅನುಭವದ ಮೇಲೆ ಈ ಭಾಜಕಗಳನ್ನು ಗೊತ್ತುಮಾಡಿದ್ದಾರೆ. ಮುಖ, ಮರ, ಆಕಾಶ, ಉತ್ಸವದ ಮೆರವಣಿಗೆ ಇವುಗಳ ಮಟ್ಟಿಗೆ ಅದು ನಿಜ.

ಓಲೆಗರಿಯ ಮಟ್ಟಿಗೆ ನಿಜವಲ್ಲ. ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆದು ಮಸಿ ತೊಡೆಯುತ್ತಾರೆ. ಮಸಿಯಿರುವಲ್ಲಿ ಓಲೆಯ ಬೆಳಕು ೧೪೦, ಅಕ್ಷರದ್ದು ೪೦ ಎಂದಾದರೆ ಅರ್ಧಾಂತರ ೫೦. ಅದು ಯಾವ ಭಾಗಾಕಾರದಲ್ಲಿಯೂ ಸುಲಭವಾಗಿ ನಶಿಸದು. ಮಸಿ ಹಾರಿದಲ್ಲಿ ಓಲೆ ೧೪೦, ಗೀರು ೧೨೮, ಅರ್ಧಾಂತರ ೬. ಭಾಜಕ ೧೬ ಇದ್ದರೂ ಸಾಕು, ಫಲ ಸೊನ್ನೆ. ಲೆಕ್ಕದ ಸೊನ್ನೆಯು ಅಕ್ಷರದ ಸೊನ್ನೆಯನ್ನು ನುಂಗುತ್ತದೆ. ಇಲ್ಲಿ ಗಣಿತದಲ್ಲಿ ತಪ್ಪು ನಡೆದಿಲ್ಲವೆಂಬುದನ್ನು ಗಮನಿಸಬೇಕು. ಇಡೀ ಓಲೆಯ ಲಕ್ಷಾಂತರ ಪಿಕ್ಸೆಲ್‌ಗಳ ಸರಾಸರಿ ದೋಷವನ್ನು ಎಣಿಸಿದರೆ ಆ ಬಿಂದುವಿನ ಪಾಲು ನಗಣ್ಯ. ಆದರೆ ಪಾಠಸಂಪಾದಕನಿಗೆ ಸರಾಸರಿಯಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ಯಾವೊಂದು ಸ್ಥಳದಲ್ಲಿಯೂ ದೋಷವು ಮಿತಿ ಮೀರದಿರುವುದು, ಅಂದರೆ ಚೆಬಿಷೆವ್‌ನು ಕೇಳಿದ ಪ್ರಶ್ನೆಗೆ ಉತ್ತರ. ಮಹಾವೀರಾಚಾರ್ಯನ ಮಾತಿನಲ್ಲಿ ಹೇಳುವುದಾದರೆ, ಸೂಕ್ಷ್ಮಗಣಿತಕ್ಕೆ ಸಲ್ಲಬೇಕಾದ ಕ್ಷೇತ್ರವನ್ನು ನಾನು ವ್ಯಾವಹಾರಿಕದಿಂದ ಅಳೆದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಓಲೆ, ಶಾಸನದ ಪಡಿಯಚ್ಚು, ಹಳೆಯ ಬಖೈರು ಮುಂತಾದವನ್ನು ಟಿಫ್‌ನಂತಹ ರೂಪದಲ್ಲಿ, ಯಾವ ಅಂಕಿಯನ್ನೂ ಬಿಡದೆ ಒಮ್ಮೆ ಸಂಗ್ರಹಿಸಿಡಬೇಕು. ಹಂಚಲು, ಅಚ್ಚಿಗೆ, ಪ್ರದರ್ಶನಕ್ಕೆ ಅದರಿಂದ ಜೆಪೆಗ್ ಪ್ರತಿಗಳನ್ನು ತೆಗೆಯಬಹುದು. ಜೆಪೆಗ್ ಪ್ರತಿಯನ್ನೇ ತಿದ್ದಿ ಮತ್ತೆ ಮತ್ತೆ ಉಳಿಸಿದರೆ ದೋಷದ ಮೇಲೆ ದೋಷ ಕೂಡುತ್ತ ಹೋಗುತ್ತದೆ. ಟಿಫ್ ಕಡತಗಳಿಗೆ ಸ್ಥಳ ಬಹಳ ಬೇಕು, ಸ್ಥಳಕ್ಕೆ ಹಣ ಬೇಕು. ದಾನಿಗಳು ಇದನ್ನು ಅಪವ್ಯಯವೆಂದು ಎಣಿಸಬಾರದೆಂದು ವಿನಂತಿ. ಮನೆಯ ಅಟ್ಟದ ಮೇಲೆ ಓಲೆಕಟ್ಟುಗಳುಳ್ಳ ಹಳೆಯ ವಿದ್ಯಾರ್ಥಿಗಳು ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸುವಾಗ, ಚಿತ್ರವೆಂದು ಕಳುಹಿಸದೆ ‘ಡಾಕ್ಯುಮೆಂಟ್’ ಎಂಬಲ್ಲಿ ಒತ್ತಿ ಕಳುಹಿಸಿದರೆ ದಾರಿಯಲ್ಲಿ ಇನ್ನೊಮ್ಮೆ ಅಡಕಗೊಳ್ಳುವುದು ತಪ್ಪುತ್ತದೆ. ಓಲೆಗೆ ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಹಿಡಿದರೆ ಮಸಿಯಿಲ್ಲದ ಗೀರುಗಳಲ್ಲಿಯೂ ನೆರಳು ನಿಂತು ಅರ್ಧಾಂತರ ಹೆಚ್ಚುತ್ತದೆ. ಆ ಅಡಿಟಿಪ್ಪಣಿಯನ್ನು ನಾನು ಹೊಡೆದುಹಾಕಿ, ‘ಮಂದಗಮನ’ ಎಂದು ತಿದ್ದಿದ್ದೇನೆ. ಅದೇ ಚಿತ್ರಗಳನ್ನು ನೋಡಿ ಸಿದ್ಧಪಡಿಸಿದ ಉಳಿದ ನಲವತ್ತು ಪುಟಗಳನ್ನು ಈಗ ಓಲೆಯೊಡನೆ ಮತ್ತೆ ಹೋಲಿಸಿ ನೋಡುತ್ತಿದ್ದೇನೆ.