ಹಳಿಯ ಮೇಲೆ ಓಡಿದ ಯುದ್ಧ ಕಛೇರಿ

ಗೆಳೆಯರೇ, ರೈಲು ಅಂದರೆ ನಮಗೆ ಊರಿಂದೂರಿಗೆ ಹೋಗುವ ಗಾಡಿ. ಆದರೆ ರಷ್ಯಾದಲ್ಲಿ ಒಂದು ರೈಲು ಸುಮಾರು ಎರಡೂವರೆ ವರ್ಷ ಯುದ್ಧದ ಕಛೇರಿಯೇ ಆಗಿತ್ತು!

1917ರ ಕ್ರಾಂತಿಯಾದ ಮೇಲೆ ಅಲ್ಲಿ ಕೆಂಪು ಸೇನೆಗೂ ಬಿಳಿ ಸೇನೆಗೂ ಅಂತರ್ಯುದ್ಧ ನಡೆಯಿತು. ಕೆಂಪು ಸೇನೆಯ ಮುಖಂಡ ಟ್ರಾಟ್‌ಸ್ಕಿ. ಯುದ್ಧ ನಾಲ್ಕೂ ದಿಕ್ಕಿಗೆ ಹಬ್ಬಿತ್ತು. ಮಾಸ್ಕೋದಲ್ಲೇ ಕೂತು ನೋಡಿಕೊಳ್ಳೋದು ಆಗದ ಮಾತು. ಅದಕ್ಕೇ 1918ರ ಆಗಸ್ಟ್‌ನಲ್ಲಿ ಆತ ರೈಲು ಹತ್ತಿದ. ಮುಂದೆ ಅದು ಓಡಿದ್ದು ಲಕ್ಷ ಕಿಲೋಮೀಟರಿಗೂ ಹೆಚ್ಚು.

ಅದರಲ್ಲಿ ಏನೇನಿತ್ತು ಗೊತ್ತೇ? ತಂತಿ ಯಂತ್ರ, ರೇಡಿಯೋ, ವಿದ್ಯುತ್ ಯಂತ್ರ, ಗ್ರಂಥಾಲಯ, ಸ್ನಾನದ ಮನೆ, ಮೋಟಾರು ಕಾರುಗಳು. ಭಾರ ಬಹಳ, ಎಳೆಯಲು ಎರಡು ಇಂಜಿನ್ ಬೇಕಿತ್ತು. ಅಚ್ಚುಕೂಟವೂ ಇತ್ತು. ‘ದಾರಿಯಲ್ಲಿ’ ಎಂಬ ಅರ್ಥದ ಹೆಸರಿನ ಪತ್ರಿಕೆ ರೈಲಿನಲ್ಲೇ ಅಚ್ಚಾಗುತ್ತಿತ್ತು! ಹಳಿ ಇಲ್ಲದ ಕಡೆಗೆ ಕಾರು ಇಳಿಸಿ ಹೋಗುತ್ತಿದ್ದರು. ಸೈನಿಕರಿಗೆ ಬೂಟು, ಔಷಧಿ, ಸುದ್ದಿ ತಲುಪುತ್ತಿತ್ತು.

ಆದರೆ ಅದೇ ರೈಲು ಭಯವನ್ನೂ ತಂದಿತು. 1918ರಲ್ಲೇ ಕಜಾನ್ ನಗರದ ಬಳಿ, ರಣರಂಗ ಬಿಟ್ಟು ಓಡಿದ ದಳದ ಮುಖ್ಯಸ್ಥರಿಗೂ ಕೆಲವು ಸೈನಿಕರಿಗೂ ಗುಂಡಿಕ್ಕಿ ಮರಣದಂಡನೆ ಕೊಟ್ಟರು. ಬೂಟು ಬಂದದ್ದೂ ಶಿಕ್ಷೆ ಬಂದದ್ದೂ ಒಂದೇ ರೈಲಿನಲ್ಲಿ.

ಯೋಚಿಸಿ: ಸೈನಿಕರು ನಿಂತು ಹೋರಾಡಿದ್ದು ಬೂಟಿನಿಂದಲೋ, ಸುದ್ದಿಯಿಂದಲೋ, ಭಯದಿಂದಲೋ? ನಿಮ್ಮ ಉತ್ತರ ತರಗತಿಯಲ್ಲಿ ಹೇಳಿ.