ಎರೆಯ ಕೆಸರಿನಲ್ಲಿ ಟ್ರಾಕ್ಟರಿನ ಗಾಲಿ

ಶೀತದೇಶಗಳಲ್ಲಿ ಚಳಿಗಾಲ ಬಂದಿತೆಂದರೆ, ಹಿಮವನ್ನು ಬದಿಗೆ ತಳ್ಳುವ ಟ್ರಾಕ್ಟರಿನ ಗಾಲಿಗಳಿಗೆ ಕಬ್ಬಿಣದ ಸರಪಳಿಯನ್ನು ಸುತ್ತುತ್ತಾರೆ. ರಾಯಚೂರಿನಲ್ಲಿ ಹಿಮ ಬೀಳುವುದಿಲ್ಲ. ಗಾಲಿ ಜಾರುವ ತೊಂದರೆ ಮಾತ್ರ ತಪ್ಪಿದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಬತ್ತದ ಗದ್ದೆಗಳಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆಯ ಕೆಳಗಿನ ದೇವದುರ್ಗದ ಎರೆಹೊಲಗಳಲ್ಲಿಯೂ, ಐವತ್ತು ಅಶ್ವಶಕ್ತಿಯ ಯಂತ್ರವೊಂದು ನಿಂತಲ್ಲಿಯೇ ಗಾಲಿ ತಿರುಗಿಸುತ್ತ ಹೂತುಹೋಗುವುದನ್ನು ಕಾಣದವರು ವಿರಳ. ಇದು ಯಂತ್ರದ ಶಕ್ತಿ ಸಾಲದೆ ಆದುದೇ? ಅಲ್ಲ.

ಗಾಲಿಯು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲವು ಅಷ್ಟೇ ಬಲದಿಂದ ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ನೆಲವೇ ಹರಿದು ಸರಿದರೆ ಯಂತ್ರದ ಶಕ್ತಿಯೆಲ್ಲ ವ್ಯರ್ಥ. ಮಣ್ಣು ಹೀಗೆ ಹರಿಯದಂತೆ ತಡೆಯುವ ಬಲದಲ್ಲಿ ಎರಡು ಅಂಶಗಳಿವೆಯೆಂದು ಫ್ರಾನ್ಸಿನ ಕೂಲಂಬನು 1776ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿದನು. ಒಂದು, ಕಣಗಳ ನಡುವಣ ಘರ್ಷಣೆ. ಇದು ಮೇಲಿನ ಭಾರದೊಡನೆ ಹೆಚ್ಚುತ್ತದೆ. ಇನ್ನೊಂದು, ಕಣಗಳು ಒಂದನ್ನೊಂದು ಅಂಟಿಕೊಂಡಿರುವ ಸಂಸಕ್ತಿ. ಇದರಿಂದ ದೊರೆಯುವ ಬಲವು ಗಾಲಿ ಊರಿದ ನೆಲದ ವಿಸ್ತೀರ್ಣವನ್ನು ಅವಲಂಬಿಸಿದೆ.

ಮರಳು ಬೆರೆತ ಮಸಾರಿ ನೆಲದಲ್ಲಿ ಘರ್ಷಣೆಯದೇ ಮೇಲುಗೈ. ಆದುದರಿಂದ ಅಲ್ಲಿ ಭಾರ ಹೇರಿದಷ್ಟೂ ಹಿಡಿತ ಹೆಚ್ಚು. ಹಿಂದಿನ ಟಯರುಗಳ ಮುಕ್ಕಾಲು ಭಾಗ ನೀರು ತುಂಬಿಸುವುದು ಇದಕ್ಕಾಗಿಯೇ. ಟಯರೊಂದಕ್ಕೆ ನೂರು ಕಿಲೋಗ್ರಾಂಗೂ ಮೀರಿದ ತೂಕ ಸೇರುತ್ತದೆ. (ಹಿಮದ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟದಿರಲು ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುವುದುಂಟು. ರಾಯಚೂರಿನ ಬಿಸಿಲಿಗೆ ಆ ಚಿಂತೆಯಿಲ್ಲ.)

ನೆನೆದ ಎರೆಯ ಸ್ವಭಾವವೇ ಬೇರೆ. ಅದರ ಜೇಡಿಕಣಗಳು ಅತಿಸೂಕ್ಷ್ಮವಾದುದರಿಂದ ಅವುಗಳ ನಡುವಣ ನೀರು ಬೇಗನೆ ಹೊರಗೆ ಹೋಗಲಾರದು. ಭಾರ ಹೇರಿದರೆ ಅದನ್ನು ಹೊರುವುದು ನೀರೇ ಹೊರತು ಕಣಗಳಲ್ಲ. ಘರ್ಷಣೆ ಹೆಚ್ಚುವುದಿಲ್ಲ, ಗಾಲಿ ಮಾತ್ರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಿಡಿತ ಹೋದಾಗ ಟ್ರಾಕ್ಟರಿನ ಮೇಲೆ ನಾಲ್ಕು ಜನರನ್ನು ಹತ್ತಿಸುವ ವಾಡಿಕೆಯು ಅಪಾಯಕರವಷ್ಟೇ ಅಲ್ಲ, ಇಲ್ಲಿ ನಿಷ್ಫಲವೂ ಹೌದು. ಬೇಕಾದುದು ವಿಸ್ತೀರ್ಣ. ಬತ್ತದ ಗದ್ದೆಯನ್ನು ಕೆಸರು ಮಾಡುವಾಗ ಕಟ್ಟುವ ಕೇಜ್ ವೀಲ್, ಅಂದರೆ ಕಬ್ಬಿಣದ ಪಂಜರದಂತಹ ಗಾಲಿ, ಇದನ್ನೇ ಒದಗಿಸುತ್ತದೆ. ಅದರ ಪಟ್ಟಿಗಳು ದೋಣಿಯ ಹುಟ್ಟಿನಂತೆ ಕೆಸರನ್ನು ಹಿಂದಕ್ಕೆ ನೂಕುತ್ತವೆ. ಡಾಂಬರು ರಸ್ತೆಯನ್ನು ಸೇರುವ ಮೊದಲು ಅದನ್ನು ಬಿಚ್ಚಬೇಕು. ಇಲ್ಲವಾದರೆ ರಸ್ತೆ ಕಿತ್ತುಹೋಗುತ್ತದೆ.

ಟಯರಿನ ಹಲ್ಲುಗಳಿಗೂ ಒಂದು ದಿಕ್ಕುಂಟು. ಹಿಂದೆ ನಿಂತು ನೋಡಿದರೆ ಅವುಗಳ ಬಾಣದ ಮೊನೆ ಮೇಲ್ಮುಖವಾಗಿ ಕಾಣಬೇಕು. ಆಗ ಗಾಲಿ ತಿರುಗಿದಂತೆ ಹಲ್ಲುಗಳ ಸಂದಿನ ಎರೆ ಬದಿಗೆ ಜಾರಿ ಉದುರುತ್ತದೆ. ತಿರುವುಮುರುವಾಗಿ ಜೋಡಿಸಿದರೆ ಸಂದುಗಳು ಬೇಗನೆ ತುಂಬಿ ಟಯರು ನುಣ್ಣಗಾಗುತ್ತದೆ.

ಜಾರಿಕೆಯನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಗಾಲಿಯ ಮೇಲೆ ಸುಣ್ಣದ ಗುರುತಿಟ್ಟು, ಗಟ್ಟಿನೆಲದ ಮೇಲೆ ನೇಗಿಲನ್ನು ಎತ್ತಿ ಹತ್ತು ಸುತ್ತು ಓಡಿಸಿರಿ. 40 ಮೀಟರು ಸಾಗಿತೆನ್ನೋಣ. ಹೊಲದಲ್ಲಿ ನೇಗಿಲೂರಿ ಉಳುವಾಗ ಅದೇ ಹತ್ತು ಸುತ್ತಿಗೆ 34 ಮೀಟರಾದರೆ ಜಾರಿಕೆ ನೂರಕ್ಕೆ 15. ಒಣನೆಲದಲ್ಲಿ ಇದಕ್ಕಿಂತ ಹೆಚ್ಚಾದರೆ ಡೀಸೆಲ್ಲೂ ಟಯರೂ ವ್ಯರ್ಥವಾಗಿ ಸವೆಯುತ್ತವೆ.

ಒಂದು ಗಾಲಿ ಮಾತ್ರ ತಿರುಗುತ್ತ ಇನ್ನೊಂದು ಸುಮ್ಮನಿದ್ದರೆ ಡಿಫರೆನ್ಷಿಯಲ್ ಲಾಕನ್ನು ಹಾಕಿ, ನೇರವಾಗಿ ಮಾತ್ರ ಚಲಿಸಬೇಕು. ಎರಡೂ ಹೂತರೆ ಕೆಲವರು ಗಾಲಿಗೆ ಮರದ ದಿಮ್ಮಿಯನ್ನು ಕಟ್ಟುತ್ತಾರೆ. ಇದು ಪ್ರಾಣಾಂತಿಕ. ದಿಮ್ಮಿ ಸಿಕ್ಕಿಕೊಂಡು ಗಾಲಿ ತಿರುಗಲಾರದೆ ನಿಂತಿತೆಂದರೆ, ಅದನ್ನು ತಿರುಗಿಸಬೇಕಾದ ಬಲವು ಅಚ್ಚಿನ ಸುತ್ತ ಟ್ರಾಕ್ಟರಿನ ಒಡಲನ್ನೇ ತಿರುಗಿಸುತ್ತದೆ. ಮೂತಿ ಮೇಲೆದ್ದು, ಚಾಲಕನು ಕ್ಲಚ್ ಒತ್ತುವಷ್ಟರೊಳಗೆ ಯಂತ್ರವು ಅವನ ಮೇಲೆಯೇ ಮಗುಚಬಲ್ಲದು. ಅಚ್ಚು ನೆಲಕ್ಕೆ ತಾಗುವ ಮುನ್ನವೇ ನಿಲ್ಲಿಸಿ, ಟ್ರೇಲರನ್ನು ಕಳಚಿ, ಗಾಲಿಯ ಹಿಂದಿನ ಕೆಸರನ್ನು ಸಲಿಕೆಯಿಂದ ತೆಗೆದು, ಬಂದ ದಾರಿಯಲ್ಲಿಯೇ ಮೆಲ್ಲಗೆ ಹಿಂದಕ್ಕೆ ಬರುವುದು ಸರಿಯಾದ ಕ್ರಮ.