ಕಾಣದ ಅಕ್ಷರದ ಉಪಟಳ

ಒಂದು ಗಣಕವು ಇನ್ನೊಂದಕ್ಕೆ ಪ್ರಶ್ನೆಯನ್ನು ಕಳುಹಿಸಿ ಉತ್ತರವನ್ನು ಪಡೆಯುವ ಏರ್ಪಾಡಿಗೆ ಜಾಲಸೇವೆಯೆಂದು ಹೆಸರು. ಅನೇಕ ಸೇವೆಗಳು ತಮ್ಮ ಉತ್ತರವನ್ನು, 1998ರಲ್ಲಿ ನಿಯಮಬದ್ಧವಾದ ಎಕ್ಸ್‌ಎಂಎಲ್ ಎಂಬ ಬರಹಕ್ರಮದಲ್ಲಿ ಕೊಡುತ್ತವೆ. ಇದರಲ್ಲಿ ಪ್ರತಿಯೊಂದು ಮಾಹಿತಿಗೂ ಹಿಂದೆ ಮುಂದೆ ಹೆಸರಿನ ಪಟ್ಟಿಯಿರುತ್ತದೆ: <ವಿಳಾಸ>ಮೈಸೂರು</ವಿಳಾಸ>. ಪಟ್ಟಿಯ ಹೆಸರನ್ನು ಕನ್ನಡದಲ್ಲಿಯೇ ಬರೆಯಲು ನಿಯಮದ ಒಪ್ಪಿಗೆಯುಂಟೆಂಬುದು ಹಲವರಿಗೆ ತಿಳಿಯದು.

ಉತ್ತರವೊಂದರಲ್ಲಿ ಸಾವಿರ ವಿಳಾಸಗಳಿವೆಯೆಂದು ಭಾವಿಸೋಣ. ಏಳುನೂರನೆಯದರಲ್ಲಿ ನಿಷಿದ್ಧವಾದ ಒಂದೇ ಒಂದು ಅಕ್ಷರವು ನುಸುಳಿದೆ. ಇದನ್ನು ಓದುವ ತಂತ್ರಾಂಶವಾದ ಪಾರ್ಸರ್ ಅಲ್ಲಿಯೇ ನಿಂತು ದೋಷವನ್ನು ಸಾರುತ್ತದೆ. ಮಿಕ್ಕ ವಿಳಾಸಗಳು ಕೈಗೆ ಬರುವುದಿಲ್ಲ. ಇದು ಪಾರ್ಸರಿನ ಮೊಂಡುತನವಲ್ಲ. ಇಂತಹುದು ಮಾರಕ ದೋಷ, ಇದನ್ನು ಕಂಡ ಮೇಲೆ ಎಂದಿನಂತೆ ಓದನ್ನು ಮುಂದುವರಿಸಕೂಡದು ಎಂದು ನಿಯಮವೇ ವಿಧಿಸಿದೆ.

ನಿಷಿದ್ಧವಾದುವು ಯಾವುವು? < ಮತ್ತು & ಎಂಬ ಚಿಹ್ನೆಗಳು ಮೊದಲು ನೆನಪಿಗೆ ಬರುತ್ತವೆ. ಆದರೆ ಇವು ಸ್ಥಾನದೋಷದಿಂದ ಮಾತ್ರ ತಪ್ಪಾಗುತ್ತವೆ; &#60; ಮತ್ತು &#38; ಎಂದು ಸಂಖ್ಯಾರೂಪದಲ್ಲಿ ಬರೆದರೆ ತೊಡಕು ತೀರಿತು. ನಿಜವಾಗಿ ಕಾಡುವವು ಕಣ್ಣಿಗೆ ಕಾಣದವು. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತಮಾಲೆಯಲ್ಲಿ 0ಯಿಂದ 31ರವರೆಗಿನ ಸಂಖ್ಯೆಗಳನ್ನು ಯಂತ್ರಗಳಿಗೆ ಆಜ್ಞೆ ಕೊಡಲೆಂದು ಮೀಸಲಿಟ್ಟರು. 7 ಬಂದರೆ ಟೆಲಿಪ್ರಿಂಟರಿನ ಗಂಟೆ ಬಾರಿಸಬೇಕು. 12 ಬಂದರೆ ಹೊಸ ಪುಟಕ್ಕೆ ಹೋಗಬೇಕು. ಈ 32ರಲ್ಲಿ 9, 10, 13 ಎಂಬ ಮೂರನ್ನು ಮಾತ್ರ ಎಕ್ಸ್‌ಎಂಎಲ್ ಒಪ್ಪುತ್ತದೆ. ಉಳಿದ 29ಕ್ಕೆ ಯಾವ ವೇಷದಲ್ಲಿಯೂ ಪ್ರವೇಶವಿಲ್ಲ; &#11; ಎಂದು ಸಂಖ್ಯಾರೂಪದಲ್ಲಿ ಬರೆದರೂ ದೋಷವೇ.

ಹಾಗಾದರೆ ಬಂದ ಉತ್ತರದಿಂದ ಇವನ್ನು ಅಳಿಸಿಬಿಟ್ಟು ಓದಿದರಾಗದೆ? ಬಹುಮಂದಿ ಮಾಡುವುದು ಇದನ್ನೇ. ಇದರ ಅಪಾಯವನ್ನು ನೋಡಿರಿ. ಕೆಲವು ಪದಸಂಸ್ಕಾರಕಗಳಲ್ಲಿ ಹೊಸ ಪ್ಯಾರಾ ಮಾಡದೆ ಸಾಲನ್ನು ಮಾತ್ರ ಮುರಿದಾಗ ಒಳಗೆ 11 ಎಂಬ ಸಂಕೇತವು ಸೇರುತ್ತದೆ. ಒಬ್ಬನು ಮೊದಲ ಸಾಲಿನಲ್ಲಿ ‘ಮನೆ ಸಂಖ್ಯೆ 12’ ಎಂದೂ ಎರಡನೆಯದರಲ್ಲಿ ‘5ನೆಯ ಅಡ್ಡರಸ್ತೆ’ ಎಂದೂ ಬರೆದು ಅದನ್ನು ನಕಲಿಸಿ ಅಂಟಿಸಿದನೆನ್ನಿ. ನಡುವಿನ 11ನ್ನು ಅಳಿಸಿದೊಡನೆ ‘ಮನೆ ಸಂಖ್ಯೆ 125ನೆಯ ಅಡ್ಡರಸ್ತೆ’ ಎಂದಾಯಿತು! ಪಾರ್ಸರಿಗೆ ತೃಪ್ತಿ, ಅಂಚೆಯವನಿಗೆ ಪರದಾಟ. ನಿಂತುಹೋದ ಓದಾದರೆ ತಪ್ಪನ್ನು ಸಾರಿ ಹೇಳುತ್ತಿತ್ತು, ಈ ತಪ್ಪು ಬಾಯಿ ಬಿಡುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ತಪ್ಪು ಅಳತೆಯನ್ನು ರಬ್ಬರಿನಿಂದ ಉಜ್ಜಿಹಾಕುವ ವಿದ್ಯಾರ್ಥಿಗೆ ನಾವು ಹೇಳುವುದಿಷ್ಟೆ: ಅಡ್ಡಗೆರೆ ಎಳೆ, ಅಳಿಸಬೇಡ. ಇಲ್ಲಿಯೂ ಮೂಲ ಉತ್ತರವನ್ನು ಇದ್ದಂತೆಯೇ ಕಾಪಿಟ್ಟು, ದೋಷದ ಸ್ಥಾನವನ್ನು ಗುರುತು ಹಾಕಿಕೊಂಡು, ಪ್ರತಿಯಲ್ಲಿ ಮಾತ್ರ 11ಕ್ಕೆ ಬದಲಾಗಿ ತೆರಪನ್ನೊ ಸಾಲುಮುರಿಯನ್ನೊ ಇರಿಸುವುದು ಲೇಸು.

ಕನ್ನಡಕ್ಕೆ ಸಂಬಂಧಿಸಿದ ದೋಷವೊಂದುಂಟು. ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬುದು 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ‘ಕಿ’ಗೆ ಗುಣಿತದ ಚಿಹ್ನೆಯೂ ಸೇರಿ ಆರು ಬೈಟು ಬೇಕು. ಉಗ್ರಾಣದ ಅಂಕಣವು 100 ಬೈಟುಗಳಷ್ಟೇ ಅಗಲವಿದ್ದು, ಅದಕ್ಕಿಂತ ಉದ್ದವಾದ ಕನ್ನಡ ಪದವನ್ನು ಅಲ್ಲಿಗೆ ಕತ್ತರಿಸಿದರೆ 33 ಸಂಕೇತಗಳು 99 ಬೈಟುಗಳನ್ನು ತುಂಬುತ್ತವೆ; ಕೊನೆಯಲ್ಲಿ 34ನೆಯದರ ಮೊದಲ ಬೈಟಾದ 224 ತಲೆಯಿಲ್ಲದ ಮುಂಡದಂತೆ ಉಳಿಯುತ್ತದೆ. ಪಾರ್ಸರು ಇದನ್ನೂ ನಿರಾಕರಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಸಾಕಾದ್ದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ ಸೇವೆಯಲ್ಲಿ ಈ ಕುಂದು ಎಷ್ಟು ದಿನವಾದರೂ ಕಾಣಿಸದೆ ಇರಬಹುದು.

ಆದ್ದರಿಂದ ಚಿಕಿತ್ಸೆಯು ಕಳುಹಿಸುವವನ ಕಡೆಯಲ್ಲಿ ಆಗತಕ್ಕದ್ದು. ಆತನು ಅಕ್ಷರಗಳನ್ನು ಎಣಿಸಿ ಕತ್ತರಿಸಬೇಕು, ಬೈಟುಗಳನ್ನಲ್ಲ. ಅನಿಯತ ಬೈಟುಗಳನ್ನೇ ರವಾನಿಸಬೇಕಾದಾಗ ಬೇಸ್-64 ಕ್ರಮದಿಂದ ಅವನ್ನು ಸಾಧುವಾದ ಅಕ್ಷರಗಳಾಗಿ ಮಾರ್ಪಡಿಸಬಹುದು. ಗಾತ್ರವು ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ, ಅಷ್ಟೆ. 2004ರಲ್ಲಿ ಬಂದ ಎಕ್ಸ್‌ಎಂಎಲ್ 1.1 ಆವೃತ್ತಿಯು 1ರಿಂದ 31ರವರೆಗಿನ ಸಂಕೇತಗಳನ್ನು ಸಂಖ್ಯಾರೂಪದಲ್ಲಿ ಬರೆಯಲು ಅನುಮತಿಸಿತು. 0ಗೆ ಅಲ್ಲಿಯೂ ಜಾಗ ದೊರೆಯಲಿಲ್ಲ. ಆ ಆವೃತ್ತಿಯ ಬಳಕೆಯೂ ಹೆಚ್ಚಾಗಿ ಹಬ್ಬಲಿಲ್ಲ.